ಗಲ್ಫಿಗೆ ಕರೆಸಿಕೊಂಡ ಉಮ್ಮನಿಗೆ ಒಂದು ನೋಲ್ ಕಾರ್ಡ್ ಕೊಡಿ

ಎರಡು ವರ್ಷದ ಹಿಂದೆ ನಮ್ಮ ಉಮ್ಮ ದುಬೈಗೆ ಹೋಗಿ 58 ದಿನ ಇದ್ದು ಬಂದರು. ತಮ್ಮ 60 ದಿನದ ವಿಸಿಟ್ ವೀಸಾ ಕಳಿಸಿದ್ದ. ಬಜ್ಪೆಯಲ್ಲಿ ಇಳಿದು ಮನೆಗೆ ಬಂದ ದಿನ ಸಂಜೆ ನೆರೆಹೊರೆಯ ಹೆಂಗಸರೆಲ್ಲ ಸೇರಿದ್ರು. ಪೆಟ್ಟಿಗೆ ಬಿಚ್ಚಿ ಖರ್ಜೂರ, ಹಾಲಿನ ಪುಡಿ, ಸೋಪು, ತಲೆನೋವಿನ ಎಣ್ಣೆ ಎಲ್ಲ ಹಂಚಿ ಆಯ್ತು. ಆಗ ಒಬ್ಬರು ಕೇಳಿದ್ರು, "ಅಲ್ಲಿ ಏನೆಲ್ಲ ನೋಡಿದ್ರಿ?" ಉಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ್ರು, "ಎದುರಿನ ಬಿಲ್ಡಿಂಗ್ ನೋಡಿದೆ. ಅದರಲ್ಲಿ 11 ಮಾಳಿಗೆ ಉಂಟು." ಎಲ್ಲರೂ ನಕ್ಕರು. ಉಮ್ಮನೂ ನಕ್ಕರು. ನನಗೆ ಮಾತ್ರ ಆ ಮಾತು ಎದೆಯಲ್ಲಿ ಕಚ್ಚಿಕೊಂಡಿತು.

ತಮ್ಮ ಕೆಟ್ಟವನಲ್ಲ. ಬೆಳಿಗ್ಗೆ 7ಕ್ಕೆ ಹೋದರೆ ರಾತ್ರಿ 9ಕ್ಕೆ ಬರುತ್ತಾನೆ. ಸ್ವಂತ ಗಾಡಿ ಇಲ್ಲ. ವಾರದಲ್ಲಿ ಒಂದು ರಜೆ, ಅದರಲ್ಲಿ ಅರ್ಧ ದಿನ ನಿದ್ದೆ, ಉಳಿದ ಅರ್ಧ ದಿನ ಬಟ್ಟೆ ಒಗೆಯುವುದು, ಸಾಮಾನು ತರುವುದು. ಸ್ನೇಹಿತನ ಕಾರು ಖಾಲಿ ಸಿಕ್ಕಿದ ದಿನ ಉಮ್ಮನನ್ನು ಹೊರಗೆ ಕರೆದುಕೊಂಡು ಹೋಗುತ್ತಿದ್ದ. 58 ದಿನದಲ್ಲಿ ಹಾಗೆ ಸಿಕ್ಕಿದ್ದು 4 ಸಲ. ಅವನ ಹೆಂಡತಿಗೆ ಸಣ್ಣ ಮಗು. ಆಕೆಯೂ ಆ ಫ್ಲ್ಯಾಟಿಗೆ ಬಂದು ಒಂದೂವರೆ ವರ್ಷ ಆಗಿತ್ತು. ಆಕೆಗೂ ಗೊತ್ತಿದ್ದದ್ದು ಕೆಳಗಿನ ಗ್ರೋಸರಿ ಅಂಗಡಿ ಮಾತ್ರ.

ಈಗ ಉಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಅವರಿಗೆ 63 ವರ್ಷ. ಫರಂಗಿಪೇಟೆಯಿಂದ ಒಬ್ಬರೇ ಸರ್ವಿಸ್ ಬಸ್ ಹತ್ತಿ ಸ್ಟೇಟ್‌ಬ್ಯಾಂಕಿಗೆ ಹೋಗುತ್ತಾರೆ. ಅಲ್ಲಿಂದ ಮಾರ್ಕೆಟ್, ಅಲ್ಲಿಂದ ಆಸ್ಪತ್ರೆ. ಚಿಲ್ಲರೆ ಕಡಿಮೆ ಕೊಟ್ಟ ಕಂಡಕ್ಟರನ್ನು ಇಡೀ ಬಸ್ಸಿಗೆ ಕೇಳುವ ಹಾಗೆ ವಿಚಾರಿಸಿಕೊಳ್ಳುತ್ತಾರೆ. ಬೋರ್ಡ್ ಓದಲಿಕ್ಕೆ ಬಾರದಿದ್ದರೂ ಬಸ್ಸಿನ ಬಣ್ಣ ನೋಡಿ ಯಾವ ಊರಿನದ್ದು ಎಂದು ಹೇಳುತ್ತಾರೆ. ಅಂಥವರು ಅಲ್ಲಿ ಎರಡು ತಿಂಗಳು ಲಿಫ್ಟಿನಲ್ಲಿ ಕೆಳಗೆ ಇಳಿಯಲಿಕ್ಕೂ ಹೆದರಿ ಕೂತರು. ಇದು ನಮ್ಮ ಒಂದು ಮನೆಯ ಕಥೆ ಅಲ್ಲ. ಮಗ ಕರೆಸಿಕೊಂಡ ಬಾಪ, ಮದುವೆಯಾಗಿ ಹೋದ ಹುಡುಗಿ, ಕೆಲಸ ಹುಡುಕಲು ಹೋದ ಹುಡುಗ, ಎಲ್ಲರದ್ದೂ ಹೀಗೇ. "ನಮ್ಮವನ ಗಾಡಿ" ಬರುವ ತನಕ ಕಾಯುವುದು. ಗಲ್ಫಿಗೆ ಹೋಗಿ ಬಂದು ನಮಗೆ ಎರಡು ಮೂರು ತಲೆಮಾರು ಆಯ್ತು. ಆದರೆ ಹೋದವನಿಗೆ ಅಲ್ಲಿ ತನ್ನ ಕಾಲ ಮೇಲೆ ಓಡಾಡುವುದನ್ನು ಕಲಿಸುವ ಕ್ರಮ ನಮ್ಮಲ್ಲಿ ಇನ್ನೂ ಬರಲಿಲ್ಲ.

ಉಮ್ಮ ಬಂದ ಮರುವರ್ಷ ಮದ್ರಸ ರಜೆಯಲ್ಲಿ ತಮ್ಮ ನನ್ನನ್ನೂ ಕರೆಸಿದ. (ಉಸ್ತಾದ್ ಗಲ್ಫಿಗೆ ಹೋದರು ಎಂದರೆ ಜನ ಮೊದಲು ಕೇಳುವುದು ರಶೀದಿ ಪುಸ್ತಕ ತೆಗೆದುಕೊಂಡು ಹೋದ್ರಾ ಎಂದು. ಇಲ್ಲ. ಅನುಮತಿ ಇಲ್ಲದೆ ಚಂದಾ ಎತ್ತುವುದು ಅಲ್ಲಿ ಕಾನೂನಿಗೆ ವಿರುದ್ಧ. ನಾನು ಹೋದದ್ದು ತಮ್ಮನನ್ನು ನೋಡಲಿಕ್ಕೆ.) ಮೊದಲ ನಾಲ್ಕು ದಿನ ನಾನೂ ಉಮ್ಮನ ಹಾಗೆಯೇ. ಐದು ವಕ್ತ್ ಕೆಳಗಿನ ಮಸೀದಿಗೆ ಹೋಗುವುದು, ಬಂದು ಎದುರಿನ ಬಿಲ್ಡಿಂಗ್ ನೋಡುವುದು. ಐದನೇ ದಿನ ಗ್ರೋಸರಿಯ ಮಲಯಾಳಿ ಕಾಕ ಕೇಳಿದ್ರು, "ಉಸ್ತಾದೇ, ದೇರಾ ನೋಡಿದ್ರಾ?" ಇಲ್ಲ ಎಂದೆ. "ಮೆಟ್ರೊ ಸ್ಟೇಷನ್ ಇಲ್ಲೇ ಉಂಟಲ್ಲ" ಎಂದು ಅವರೇ ಅಂಗಡಿಯ ಹುಡುಗನನ್ನು ಜೊತೆಗೆ ಕಳಿಸಿದ್ರು.

ಕುಸೈಸ್ ಸ್ಟೇಷನ್ನಿನ ಕೌಂಟರಿನಲ್ಲಿ 25 ದಿರ್ಹಮ್ ಕೊಟ್ಟೆ, ಒಂದು ಸಿಲ್ವರ್ ನೋಲ್ ಕಾರ್ಡ್ ಕೊಟ್ಟರು. ಅದರಲ್ಲಿ 19 ದಿರ್ಹಮ್ ಪ್ರಯಾಣಕ್ಕೆ ಇರುತ್ತದೆ. ಪಾಸ್‌ಪೋರ್ಟ್ ಕೇಳಲಿಲ್ಲ, ಫೋಟೊ ಕೇಳಲಿಲ್ಲ, ಅರ್ಜಿ ಇಲ್ಲ. ಆ ಕಾರ್ಡಿನಲ್ಲಿ ಮೆಟ್ರೊ, ಬಸ್, ಟ್ರಾಮ್ ಎಲ್ಲದರಲ್ಲಿಯೂ ಹೋಗಬಹುದು. ಊರನ್ನು ವಲಯಗಳಾಗಿ ಭಾಗ ಮಾಡಿದ್ದಾರೆ. ಒಂದೇ ವಲಯದೊಳಗೆ ಹೋದರೆ 3 ದಿರ್ಹಮ್, ಪಕ್ಕದ ವಲಯಕ್ಕೆ 5, ಅದಕ್ಕಿಂತ ದೂರ ಎಷ್ಟು ಹೋದರೂ ಏಳೂವರೆ. ಮೆಟ್ರೊದಿಂದ ಇಳಿದು ಅರ್ಧ ಗಂಟೆಯ ಒಳಗೆ ಬಸ್ ಹತ್ತಿದರೆ ಅದು ಹೊಸ ಪ್ರಯಾಣ ಅಲ್ಲ, ಹಳೆಯದ್ದೇ ಮುಂದುವರಿದ ಲೆಕ್ಕ. ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಡ್ರೈವರ್ ನೋಟು ಮುಟ್ಟುವುದಿಲ್ಲ. ಹತ್ತುವಾಗ ಒಂದು ಸಲ, ಇಳಿಯುವಾಗ ಒಂದು ಸಲ ಕಾರ್ಡ್ ತಾಗಿಸಬೇಕು. ಇಳಿಯುವಾಗ ತಾಗಿಸಲು ಮರೆತರೆ ಹಣ ಹೆಚ್ಚು ಹೋಗುತ್ತದೆ. ಹತ್ತುವಾಗ ತಾಗಿಸದೆ ಸಿಕ್ಕಿಬಿದ್ದರೆ 200 ದಿರ್ಹಮ್ ದಂಡ. "ಮರೆತುಹೋಯ್ತು" ಎಂದರೆ ಕೇಳುವುದಿಲ್ಲ.

ಆ ಮೆಟ್ರೊ ಶುರುವಾದದ್ದು 2009ರ ಸೆಪ್ಟೆಂಬರ್ 9ರಂದು, ಕೆಂಪು ಲೈನ್. ಎರಡು ವರ್ಷ ಬಿಟ್ಟು ಹಸಿರು ಲೈನ್ ಬಂತು. ಡ್ರೈವರ್ ಇಲ್ಲದೆ ಓಡುವ ರೈಲು. ನಮ್ಮವರು ಹೆಚ್ಚು ಇರುವ ಕುಸೈಸ್, ನಹ್ದ, ದೇರಾ, ಬರ್‌ದುಬೈ ಎಲ್ಲ ಹಸಿರು ಲೈನಿನಲ್ಲೇ ಬರುತ್ತವೆ. ಯೂನಿಯನ್ ಮತ್ತು ಬುರ್ಜುಮಾನ್, ಈ ಎರಡು ಸ್ಟೇಷನ್‌ಗಳಲ್ಲಿ ಕೆಂಪು ಲೈನಿಗೆ ಬದಲಾಯಿಸಬಹುದು. ಈ ಎರಡು ಹೆಸರು ಬಾಯಿಪಾಠ ಆದರೆ ದುಬೈ ಅರ್ಧ ಗೊತ್ತಾದ ಹಾಗೆ. ಒಂದು ಎಚ್ಚರ: ಕೆಲವು ಸ್ಟೇಷನ್ನಿನ ಹೆಸರನ್ನು ಕಂಪೆನಿಗಳು ದುಡ್ಡು ಕೊಟ್ಟು ಇಟ್ಟುಕೊಳ್ಳುತ್ತವೆ. ಗುತ್ತಿಗೆ ಮುಗಿದಾಗ ಹೆಸರು ಬದಲು. ಒಂದು ಕಾಲದ ನೂರ್ ಬ್ಯಾಂಕ್ ಸ್ಟೇಷನ್ ಆಮೇಲೆ ಅಲ್ ಸಫಾ ಆಯ್ತು, ಅದೂ ಹೋಗಿ ಆನ್‌ಪ್ಯಾಸಿವ್ ಆಯ್ತು. ಹತ್ತು ವರ್ಷ ಹಿಂದೆ ಊರಿಗೆ ಬಂದು ನೆಲೆಸಿದ ಹಳೆಯ ಗಲ್ಫಿನವರು ಹೇಳಿದ ಹೆಸರು ಹಿಡಿದುಕೊಂಡು ಹೋಗಬೇಡಿ.

ಮೊದಲ ದಿನವೇ ನಾನು ಮಾನ ಕಳೆದುಕೊಳ್ಳುವುದರಲ್ಲಿದ್ದೆ. ಪ್ಲಾಟ್‌ಫಾರ್ಮಿನ ನೆಲದಲ್ಲಿ ಗುಲಾಬಿ ಬಣ್ಣದ ಗುರುತು ಇತ್ತು, ಜನ ಕಡಿಮೆ ಕಂಡರು, ಅಲ್ಲೇ ನಿಂತೆ. ರೈಲು ಬಂತು, ಬಾಗಿಲು ತೆರೆಯಿತು. ಒಬ್ಬಳು ಫಿಲಿಪ್ಪೀನಿ ಹೆಂಗಸು ಕೈಯಲ್ಲೇ ತಡೆದು ಮೇಲಿನ ಬೋರ್ಡ್ ತೋರಿಸಿದಳು. ಅದು ಹೆಂಗಸರು ಮಕ್ಕಳ ಡಬ್ಬಿ! ಗಂಡಸು ಹತ್ತಿದರೆ 100 ದಿರ್ಹಮ್ ದಂಡ. ಗಡ್ಡ, ಟೊಪ್ಪಿ ಹಾಕಿದ ಉಸ್ತಾದ್ ಹೆಂಗಸರ ಡಬ್ಬಿಯಲ್ಲಿ ಸಿಕ್ಕಿಬಿದ್ದ ಎಂದಾಗಿದ್ದರೆ ಊರಿನ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಒಂದು ತಿಂಗಳಿಗೆ ಸಾಕಿತ್ತು. ಗೋಲ್ಡ್ ಕ್ಲಾಸ್ ಎಂಬ ಡಬ್ಬಿಗೂ ಸಿಲ್ವರ್ ಕಾರ್ಡಿನಲ್ಲಿ ಹತ್ತಬಾರದು. ರೈಲಿನೊಳಗೆ ತಿನ್ನುವುದು, ಕುಡಿಯುವುದು, ಚ್ಯೂಯಿಂಗ್ ಗಮ್ ಅಗಿಯುವುದು ಕೂಡದು, ಅದಕ್ಕೂ 100. ಬಾಯಿಯಲ್ಲಿ ಯಾವಾಗಲೂ ಏನಾದರೂ ಇಟ್ಟುಕೊಳ್ಳುವ ಅಭ್ಯಾಸ ಇರುವ ನಮ್ಮ ಹಿರಿಯರಿಗೆ ಇದನ್ನು ಮನೆಯಲ್ಲೇ ಹೇಳಿ ಹೊರಡಿಸಬೇಕು.

ಆ ದಿನ ಬನಿಯಾಸ್ ಸ್ಕ್ವೇರಿನಲ್ಲಿ ಇಳಿದು ನಡೆಯುತ್ತಾ ಹೊಳೆ ಬದಿಗೆ ಹೋದೆ. ಅಲ್ಲಿಂದ ಅಬ್ರಾ ಎಂಬ ಮರದ ದೋಣಿ ಬರ್‌ದುಬೈ ಬದಿಗೆ ದಾಟಿಸುತ್ತದೆ. ದರ 1 ದಿರ್ಹಮ್, ನಾಣ್ಯ ಕೈಯಲ್ಲೇ ಕೊಡಬೇಕು. ನೇತ್ರಾವತಿಯ ಬದಿಯಲ್ಲಿ ದೋಣಿ ನೋಡಿ ಬೆಳೆದ ನಮ್ಮ ಉಮ್ಮ ಆ ದೋಣಿಯಿಂದ ಅರ್ಧ ಗಂಟೆ ದೂರದಲ್ಲಿ 58 ದಿನ ಇದ್ದರು ಎಂದು ನೆನೆದಾಗ ನನಗೆ ತಮ್ಮನ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ಮೇಲೆಯೇ. ಇಲ್ಲಿಂದ ಪೆಟ್ಟಿಗೆಗೆ ಹಗ್ಗ ಕಟ್ಟಿ, ಅದರ ಮೇಲೆ ಹೆಸರು ಬರೆದು ಕಳಿಸಿದವನು ನಾನೇ ಅಲ್ವಾ? ಪೆಟ್ಟಿಗೆಯ ಮೇಲೆ ಬರೆದಷ್ಟೂ ಉಮ್ಮನಿಗೆ ಹೇಳಿ ಕಳಿಸಲಿಲ್ಲ.

ಪೆಟ್ಟಿಗೆ ಎಂದಾಗ ನೆನಪಾಯ್ತು. ಮೆಟ್ರೊದಲ್ಲಿ ಒಬ್ಬರಿಗೆ ಒಂದು ದೊಡ್ಡ ಸೂಟ್‌ಕೇಸ್, ಒಂದು ಸಣ್ಣದು, ಅಷ್ಟೇ. ಪತ್ತಿರ್, ಉಪ್ಪಿನಕಾಯಿ, ಒಣಮೀನು ತುಂಬಿದ ರಟ್ಟಿನ ಪೆಟ್ಟಿಗೆ ಹೊತ್ತು ಏರ್‌ಪೋರ್ಟಿನಿಂದ ಮೆಟ್ರೊ ಹತ್ತುವ ಆಸೆ ಬೇಡ. ಮೆಟ್ರೊ ಇರುವುದೂ ಟರ್ಮಿನಲ್ 1 ಮತ್ತು 3ಕ್ಕೆ ಮಾತ್ರ. 2ರಲ್ಲಿ ಇಳಿದವರಿಗೆ ಬಸ್ ಇಲ್ಲವೇ ಟ್ಯಾಕ್ಸಿ. ಏರ್‌ಪೋರ್ಟ್ ಟ್ಯಾಕ್ಸಿಯ ಮೀಟರ್ ಶುರುವಾಗುವುದೇ 25 ದಿರ್ಹಮಿನಿಂದ. ಶಾರ್ಜಾಕ್ಕೆ ಹೋದರೆ ಅದರ ಮೇಲೆ ಇನ್ನೂ 20. ಬಂದಿಳಿದ ದಿನ ಯಾರಾದರೂ ಗಾಡಿ ತರುವುದೇ ಒಳ್ಳೆಯದು. ನಾನು ಹೇಳುವುದು ಎರಡನೇ ದಿನದ ಮಾತು.

ಎಲ್ಲರೂ ದುಬೈಯಲ್ಲಿ ಇರುವುದಿಲ್ಲ, ನಿಜ. ಬಾಡಿಗೆ ಕಡಿಮೆ ಎಂದು ಶಾರ್ಜಾದಲ್ಲಿ ಮನೆ ಮಾಡಿದವರೇ ಹೆಚ್ಚು. ಅಲ್ಲಿಗೆ ಮೆಟ್ರೊ ಇಲ್ಲ. ಆದರೆ ಯೂನಿಯನ್‌ನಿಂದ ಶಾರ್ಜಾದ ಜುಬೈಲ್ ಸ್ಟ್ಯಾಂಡಿಗೆ ಇ303 ನಂಬರಿನ ಬಸ್ ಉಂಟು. ಅಬುಧಾಬಿಗೆ ಗುಬೈಬಾದಿಂದ ಇ100. ಅಬುಧಾಬಿ ಊರೊಳಗೆ ನೋಲ್ ಕಾರ್ಡ್ ನಡೆಯುವುದಿಲ್ಲ, ಅಲ್ಲಿಯದ್ದು ಹಾಫಿಲಾತ್ ಎಂಬ ಬೇರೆ ಕಾರ್ಡ್. ಇನ್ನು ಸೋನಾಪುರದ ಕ್ಯಾಂಪುಗಳಲ್ಲಿ ಇರುವ ನಮ್ಮ ಹುಡುಗರಿಗೆ ಬಸ್ಸೇ ಗತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು 45 ಡಿಗ್ರಿ ಆಸುಪಾಸು ಇರುವಾಗ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆಯುವುದೂ ಹತ್ತು ನಿಮಿಷದ ಕೆಲಸ ಅಲ್ಲ. ಆ ತಿಂಗಳುಗಳಲ್ಲಿ ಹಿರಿಯರನ್ನು ಕರೆಸುವುದೇ ತಪ್ಪು. ಟಿಕೆಟ್ ಕಡಿಮೆಗೆ ಸಿಗುತ್ತದೆ ಎಂದು ಬೇಸಿಗೆಯಲ್ಲಿ ಕರೆಸುತ್ತಾರೆ, ಆಮೇಲೆ "ಉಮ್ಮ ಹೊರಗೆ ಬರುವುದಿಲ್ಲ" ಎನ್ನುತ್ತಾರೆ.

ಇಷ್ಟು ಹೊತ್ತು ಹೇಳಿದ್ದು ಬೇಜಾರಿನ ಮಾತು. ಇನ್ನು ಜೀವದ ಮಾತು.

ನನ್ನ ಮದ್ರಸದಲ್ಲಿ ಕಲಿತ ಒಬ್ಬ ಹುಡುಗ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕಲು ವಿಸಿಟ್ ವೀಸಾದಲ್ಲಿ ಹೋದ. ಎರಡನೇ ವಾರ ಇಂಟರ್‌ವ್ಯೂಗೆ ಹೊರಟವನು ರಸ್ತೆಯ ಆಚೆ ಬದಿಯ ಬಸ್ ಸ್ಟಾಪ್ ಕಂಡು ನಡುವಿನಲ್ಲೇ ದಾಟಿದ. ಬಲಕ್ಕೆ ನೋಡಿದ, ಗಾಡಿ ಇಲ್ಲ, ಕಾಲಿಟ್ಟ. ಗಾಡಿ ಎಡಗಡೆಯಿಂದ ಬಂತು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ದಾಟಲು ನಿಂತವನಿಗೆ ಮೊದಲ ಗಾಡಿ ಬರುವುದು ಎಡದಿಂದ. ಹುಡುಗ ಬದುಕಿದ, ಅಲ್‌ಹಮ್ದುಲಿಲ್ಲಾಹ್. ತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಆಸ್ಪತ್ರೆಯ ಬಿಲ್ಲಿಗೆ ಅಲ್ಲಿರುವ ನಮ್ಮೂರಿನವರು ಸೇರಿ ಹಣ ಹಾಕಿದರು. ಕೆಲಸ ಇಲ್ಲ, ಕಾಲಿನಲ್ಲಿ ಸ್ಟೀಲ್ ರಾಡ್, ವೀಲ್‌ಚೇರಿನಲ್ಲಿ ವಾಪಸ್ ಬಂದ. ನೋಡಲು ಹೋದಾಗ ನನ್ನ ಕೈ ಹಿಡಿದು, "ಉಸ್ತಾದ್, ನಾನು ನೋಡಿಯೇ ದಾಟಿದ್ದು" ಎಂದ. ಅವನು ಸುಳ್ಳು ಹೇಳಲಿಲ್ಲ. ನಮ್ಮ ಮದ್ರಸ ಇರುವುದು ಹೆದ್ದಾರಿ ಬದಿಯಲ್ಲಿ. ಬೆಳಿಗ್ಗೆ ಆರೂವರೆಗೆ ಬರುವ ಮಕ್ಕಳಿಗೆ ಅಲಿಫ್ ಬಾ ಕಲಿಸುವ ಮೊದಲು ನಾನು ಕಲಿಸುವುದು, "ಮೊದಲು ಬಲಕ್ಕೆ ನೋಡು, ಆಮೇಲೆ ಎಡಕ್ಕೆ." ಆರು ವರ್ಷದಲ್ಲಿ ಕಲಿತದ್ದು ಇಪ್ಪತ್ತೆರಡರಲ್ಲಿಯೂ ಅವನ ಕುತ್ತಿಗೆಯಲ್ಲಿ ಇತ್ತು. ಅಲ್ಲಿ ಅದು ತಿರುಗಾ ಮುರುಗಾ ಎಂದು ಹೋಗುವಾಗ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ನನಗೇ ಗೊತ್ತಿರಲಿಲ್ಲ.

ಕಾನೂನು ಈಗ ಇನ್ನೂ ಬಿಗಿ. ಮೊದಲು ಸಿಕ್ಕಿದ ಕಡೆ ರಸ್ತೆ ದಾಟಿದರೆ 400 ದಿರ್ಹಮ್ ದಂಡ ಇತ್ತು. 2025ರ ಮಾರ್ಚ್ 29ರಿಂದ ಹೊಸ ಟ್ರಾಫಿಕ್ ಕಾನೂನು ಜಾರಿಗೆ ಬಂದಿದೆ. ದಾಟಬಾರದ ಕಡೆ ದಾಟಿ ಅಪಘಾತ ಆದರೆ ಜೈಲು ಮತ್ತು 5,000ದಿಂದ 10,000 ದಿರ್ಹಮ್ ತನಕ ದಂಡ. ಗಂಟೆಗೆ 80 ಕಿಲೋಮೀಟರ್ ಅಥವಾ ಅದಕ್ಕಿಂತ ಹೆಚ್ಚು ವೇಗಮಿತಿಯ ರಸ್ತೆಯಾದರೆ 3 ತಿಂಗಳಿಗೆ ಕಡಿಮೆಯಿಲ್ಲದ ಜೈಲು, 10,000ಕ್ಕೆ ಕಡಿಮೆಯಿಲ್ಲದ ದಂಡದ ತನಕ ಹೋಗುತ್ತದೆ. ಗಾಡಿ ಗುದ್ದಿದವನ ತಪ್ಪು ಎಂದು ನಾವು ಇಲ್ಲಿ ಊರು ಸೇರಿಸುವ ಕ್ರಮ ಅಲ್ಲಿ ನಡೆಯುವುದಿಲ್ಲ. ಕೆಲಸ ಹುಡುಕಲು ಹೋದವನ ಹೆಸರಿನಲ್ಲಿ ಒಂದು ಕೇಸ್ ಇದ್ದರೆ ಅವನ ವೀಸಾದ ಗತಿ ಏನು ಎಂದು ಯೋಚನೆ ಮಾಡಿ. ಮೇಲ್ಸೇತುವೆ ದೂರ ಇದ್ದರೆ ನಡೆಯಿರಿ. ಬೆವರು ಸುರಿಯಲಿ, ತೊಂದರೆ ಇಲ್ಲ.

ಇನ್ನೊಂದು ಕಾರ್ ಲಿಫ್ಟ್. ಶಾರ್ಜಾದಿಂದ ದುಬೈಗೆ ದಿನಾ ಹೋಗಿ ಬರುವವರು ತಿಂಗಳಿಗೆ ಇಷ್ಟು ಎಂದು ಯಾರದ್ದೋ ಖಾಸಗಿ ಕಾರಿನಲ್ಲಿ ಸೀಟು ಹಿಡಿಯುತ್ತಾರೆ. ನಮ್ಮವರೇ ಓಡಿಸುತ್ತಾರೆ, ನಮ್ಮವರೇ ಕೂರುತ್ತಾರೆ. ಪರವಾನಗಿ ಇಲ್ಲದೆ ಬಾಡಿಗೆಗೆ ಜನ ಕೂರಿಸುವುದು ಅಲ್ಲಿ ಅಪರಾಧ. ಸಿಕ್ಕಿಬಿದ್ದರೆ ಓಡಿಸಿದವನಿಗೆ ಸಾವಿರಾರು ದಿರ್ಹಮ್ ದಂಡ, ಗಾಡಿ ಜಪ್ತಿ. ಕೆಲವರಿಗೆ ಬೇರೆ ದಾರಿ ಇಲ್ಲ, ಬಸ್ ಇಲ್ಲದ ಹೊತ್ತಿನ ಶಿಫ್ಟ್, ಅದು ನನಗೂ ಗೊತ್ತು. ಆದರೆ ಬಸ್ ಇರುವ ದಾರಿಯಲ್ಲಿಯೂ, ಬಸ್ಸಿನ ನಂಬರ್ ಗೊತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಕಾರ್ ಲಿಫ್ಟ್ ಹಿಡಿದವರನ್ನು ನಾನು ನೋಡಿದ್ದೇನೆ. ತಮ್ಮನ ರೂಮಿನ ಕೆಳಗೆ ಇದ್ದ ಒಬ್ಬ ಹುಡುಗ ಒಂದು ವರ್ಷ ಹಾಗೆ ಹೋಗುತ್ತಿದ್ದ. ಅವನ ಬಿಲ್ಡಿಂಗಿನ ಹಿಂದೆಯೇ ಬಸ್ ಸ್ಟಾಪ್!

ಸ್ವಂತ ಗಾಡಿ ಓಡಿಸುವ ಕನಸಿಗೆ ಅವಸರ ಬೇಡ. ವಿಸಿಟ್ ವೀಸಾದಲ್ಲಿ ಇರುವಾಗ ಊರಿನ ಲೈಸೆನ್ಸ್ ಜೊತೆ ಅಂತಾರಾಷ್ಟ್ರೀಯ ಪರ್ಮಿಟ್ ಇದ್ದರೆ ಬಾಡಿಗೆ ಕಾರು ಓಡಿಸಬಹುದು. ರೆಸಿಡೆನ್ಸ್ ವೀಸಾ ಆದ ಮೇಲೆ ಅದು ನಡೆಯುವುದಿಲ್ಲ, ಅಲ್ಲಿಯದ್ದೇ ಲೈಸೆನ್ಸ್ ತೆಗೆಯಬೇಕು. ಅದಕ್ಕೆ ಸಾವಿರಾರು ದಿರ್ಹಮ್ ಖರ್ಚು. ಟೆಸ್ಟಿನಲ್ಲಿ ಎರಡು ಮೂರು ಸಲ ಫೇಲಾದವರು ನಮ್ಮಲ್ಲಿ ಎಷ್ಟು ಮಂದಿ ಬೇಕು?

ಹೆಂಗಸರ ವಿಷಯದಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನನಗೆ ಗೊತ್ತು. ಈ ಮಾತು ಒಂದು ಮದುವೆ ಮನೆಯಲ್ಲಿ ತೆಗೆದಾಗ ಒಬ್ಬರು ಸ್ವಲ್ಪ ಬಿಸಿಯಾಗಿಯೇ ಕೇಳಿದರು, "ಉಸ್ತಾದರೇ, ನೀವೇ ಹೆಂಗಸರನ್ನು ಒಬ್ಬರೇ ತಿರುಗಲಿಕ್ಕೆ ಬಿಡಿ ಎಂದು ಹೇಳ್ತೀರಾ?" ನಾನು ಅವರಿಗೆ ಹೇಳಿದ್ದು ಇಷ್ಟೇ. ದೂರದ ಸಫರಿನ ಮಸ್‌ಅಲ ಬೇರೆ, ಊರೊಳಗೆ ಮಗುವಿನ ಔಷಧಿಗೆ ಹೋಗಿ ಬರುವುದು ಬೇರೆ. ಅದೇ ಮನೆಯ ಹೆಂಗಸು ಇಲ್ಲಿ ತುಂಬಿದ ಬಸ್ಸಿನಲ್ಲಿ ನೇತಾಡಿಕೊಂಡು ಸ್ಟೇಟ್‌ಬ್ಯಾಂಕಿಗೆ ಹೋಗುವಾಗ ನೆನಪಾಗದ ಮಸ್‌ಅಲ, ಅಲ್ಲಿ ಹೆಂಗಸರಿಗೇ ಬೇರೆ ಡಬ್ಬಿ, ಬಸ್ಸಿನ ಮುಂದೆ ಹೆಂಗಸರಿಗೇ ಬೇರೆ ಸೀಟು, ಹೆಂಗಸು ಓಡಿಸುವ ಗುಲಾಬಿ ಟ್ಯಾಕ್ಸಿ ಎಲ್ಲ ಇರುವಾಗ ಯಾಕೆ ನೆನಪಾಗುತ್ತದೆ? ಗಂಡ ಕೆಲಸದಲ್ಲಿ ಇರುವಾಗ ಮಗುವಿಗೆ ಜ್ವರ ಏರಿದರೆ, ಆಕೆಗೆ ತಾನು ಇರುವ ಬಿಲ್ಡಿಂಗಿನ ಹೆಸರು ಸಹ ಹೇಳಲು ಗೊತ್ತಿಲ್ಲದಿದ್ದರೆ, ಅದು ಯಾರ ಗುನಾಹ್? ಅವರು ಸುಮ್ಮನಾದರು. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಬಿರಿಯಾನಿ ಬಂತು.

ಬಿಲ್ಡಿಂಗಿನ ಮಾತು ಬಂತಲ್ಲ. ದುಬೈಯಲ್ಲಿ ಪ್ರತಿ ಕಟ್ಟಡದ ಬಾಗಿಲ ಬಳಿ ಒಂದು ಫಲಕ ಇರುತ್ತದೆ, ಮಕಾನಿ ನಂಬರ್ ಎಂದು, 10 ಅಂಕಿ. ಅದನ್ನು ಹೇಳಿದರೆ ಟ್ಯಾಕ್ಸಿಯವನಾಗಲಿ ಆಂಬ್ಯುಲೆನ್ಸ್ ಆಗಲಿ ಬಾಗಿಲಿಗೇ ಬರುತ್ತದೆ. ಅದರ ಒಂದು ಫೋಟೊ ತೆಗೆದು ಉಮ್ಮನ ಫೋನಿನಲ್ಲಿ ಇಡಿ. ಓದಲು ಬಾರದಿದ್ದರೆ ತೋರಿಸಿದರೆ ಸಾಕು. ಲೋಕಲ್ ಸಿಮ್ ಹಾಕಿಕೊಡಿ. ವಾಟ್ಸ್‌ಆ್ಯಪಿನಲ್ಲಿ ಮೆಸೇಜ್ ಹೋಗುತ್ತದೆ, ಆದರೆ ಊರಿನ ಹಾಗೆ ಕರೆ ಮಾಡಿ ಮಾತಾಡಬಹುದು ಎಂದು ನಂಬಿ ಕೂರಬೇಡಿ. ದಾರಿ ತಪ್ಪಿದ ಹೊತ್ತಿನಲ್ಲಿ ಅದನ್ನು ಕಂಡುಹಿಡಿಯುವ ಹಾಗೆ ಆಗಬಾರದು.

ನಮ್ಮ ಜಮಾಅತುಗಳಿಗೆ ಗಲ್ಫ್ ಕಮಿಟಿಗಳು ಉಂಟು. ಮಸೀದಿಯ ಮಿನಾರಕ್ಕೆ, ಬಡ ಹುಡುಗಿಯ ಮದುವೆಗೆ ಅವರು ಕೊಟ್ಟದ್ದನ್ನು ನಾವು ತಿಂದವರು, ಮರೆಯಬಾರದು. ಅವರಲ್ಲಿ ಒಂದೇ ಕೇಳುವುದು: ವರ್ಷಕ್ಕೆ ಒಂದು ಇಫ್ತಾರ್, ಒಂದು ಕ್ರಿಕೆಟ್ ಟೂರ್ನಮೆಂಟ್ ಮಾಡುವಾಗ, ಊರಿನಿಂದ ಹೊಸದಾಗಿ ಬಂದವರನ್ನು ಒಂದು ಆದಿತ್ಯವಾರ ಒಟ್ಟು ಮಾಡಿ ಮೆಟ್ರೊ, ಬಸ್, ಅಬ್ರಾದಲ್ಲಿ ಒಂದು ಸುತ್ತು ಹಾಕಿಸಿ. ಆದಿತ್ಯವಾರ ಮೆಟ್ರೊ ಶುರುವಾಗುವುದು ಬೆಳಿಗ್ಗೆ 8ಕ್ಕೆ, ಅದೂ ಗೊತ್ತಿರಲಿ. ಇಲ್ಲಿ ನಾನು ಶುರು ಮಾಡಿದ್ದೇನೆ. ನಮ್ಮ ಮಹಲ್ಲದಿಂದ ಯಾರು ಹೊರಟರೂ ದುಆ ಮಾಡಿಸಲು ಮದ್ರಸಕ್ಕೆ ಬರುತ್ತಾರೆ. ದುಆ ಮಾಡಿದ ಮೇಲೆ ಅಂಗಳಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿ, "ಮೊದಲು ಎಡಕ್ಕೆ ನೋಡು" ಎಂದು ಹತ್ತು ಸಲ ಕುತ್ತಿಗೆ ತಿರುಗಿಸಿಯೇ ಕಳಿಸುವುದು. ಮದ್ರಸದ ಮಕ್ಕಳು ಕಿಟಕಿಯಿಂದ ನೋಡಿ ನಗುತ್ತಾರೆ, ನಗಲಿ.

ಉಮ್ಮ ಈ ವರ್ಷ ಜನವರಿಯಲ್ಲಿ ಪುನಃ ಹೋದರು. ಈ ಸಲ ಎರಡನೇ ದಿನವೇ ತಮ್ಮ ಕಾರ್ಡ್ ತೆಗೆಸಿಕೊಟ್ಟು, ರಜೆ ದಿನ ಉಮ್ಮ ಮತ್ತು ಹೆಂಡತಿ ಇಬ್ಬರನ್ನೂ ಕರೆದುಕೊಂಡು ಬನಿಯಾಸ್ ತನಕ ಹೋಗಿ ಬಂದ. ಮೂರನೇ ವಾರ ಅತ್ತೆ ಸೊಸೆ ಇಬ್ಬರೇ ಮಗುವನ್ನು ಎತ್ತಿಕೊಂಡು ಹೊರಟಿದ್ದಾರೆ. ವಾಪಸ್ ಬರುವಾಗ ಯೂನಿಯನ್‌ನಲ್ಲಿ ತಪ್ಪಿ ಕೆಂಪು ಲೈನಿನ ರೈಲು ಹತ್ತಿ ಏರ್‌ಪೋರ್ಟ್ ತನಕ ಹೋದರಂತೆ. ಅಲ್ಲಿಂದ ತಿರುಗಿ ಬಂದು ಸರಿಯಾದ ರೈಲು ಹಿಡಿದರಂತೆ. ಸೊಸೆಗೆ ಅಳು ಬಂದಿತ್ತು. ಉಮ್ಮ ಹೇಳಿದ್ದು, "ಯಾಕೆ ಅಳುವುದು, ಬಿ.ಸಿ.ರೋಡಿನಲ್ಲಿ ತಪ್ಪಿ ಪುತ್ತೂರು ಬಸ್ ಹತ್ತಿದ ಹಾಗೆ ಇದು."

ಆ ಕಾರ್ಡ್ ಈಗ ಉಮ್ಮನ ಕಪಾಟಿನಲ್ಲಿ ಉಂಟು. ಸಿಲ್ವರ್ ಕಾರ್ಡಿಗೆ 5 ವರ್ಷ ವಾಯಿದೆ, ಹೆಸರು ಬರೆದಿರುವುದಿಲ್ಲ, ಯಾರೂ ಉಪಯೋಗಿಸಬಹುದು. ಅದರಲ್ಲಿ ಇನ್ನೂ 11 ದಿರ್ಹಮ್ ಉಳಿದಿದೆ. ಹೊರಡುವವರು ಇದ್ದರೆ ಮನೆಗೆ ಬಂದು ಕೇಳಿ, ಕೊಡುತ್ತಾರೆ. ಆದರೆ ವಾಪಸ್ ತಂದುಕೊಡಬೇಕು ಎಂದು ಹೇಳಿದ್ದಾರೆ, ಅವರಿಗೆ ಇನ್ನೊಂದು ಸಲ ಹೋಗಲಿಕ್ಕೆ ಉಂಟಂತೆ.